ಗುಜರಿಗೆ ಕೊಡಲ್ಲ!

"ಈ ಕಾರಿನ ಕತೆ ಮುಗೀತು ಮೇಡಂ."

ಜೊವಿತಾ ಸೊಂಟಕ್ಕೆ ಕೈಯಿಟ್ಟು ನಿಂತಳು. "ಮುಗೀತು ಅನ್ನೋಕೆ ನೀವ್ಯಾರು?!"

ವಿಮಾ ಕಂಪನಿಯ ಸರ್ವೇಯರ್ ಎಲ್ವಿನೊ ತಬ್ಬಿಬ್ಬಾದ. ಮಡಗಾಂವ್‌ನ ಮೀನು ಮಾರ್ಕೆಟ್ಟಿನ ಎದುರು ಐಸ್ ಲಾರಿಯೊಂದು ಹಿಂದಕ್ಕೆ ಬಂದು ಅವಳ ಹಳೇ ಮಾರುತಿಯ ಮೂತಿ ಜಜ್ಜಿತ್ತು. ಗ್ಯಾರೇಜಿನಲ್ಲಿ ಅವನು ಅದನ್ನೇ ಪರೀಕ್ಷಿಸುತ್ತಿದ್ದ.

"ಹಳೇ ಗಾಡಿ, ಬೆಲೆ ಇಳಿದಿದೆ. ರಿಪೇರಿ ಖರ್ಚು ಆ ಬೆಲೆಯ ಮುಕ್ಕಾಲು ಪಾಲು ದಾಟಿದ್ರೆ ಕಂಪನಿ ರಿಪೇರಿ ಮಾಡಿಸಲ್ಲ. ಕಾರಿನ ಬೆಲೆ ಕೊಡುತ್ತೆ. ಕಾರು ಗುಜರಿಗೆ..."

"ವರ್ಷಾ ವರ್ಷಾ ಪೂರ್ತಿ ವಿಮೆ ಕಟ್ಟಿದೀನಿ! ನಂಗೆ ದುಡ್ಡು ಬೇಡ, ಕಾರು ಬೇಕು!"

"ಒಂದು ದಾರಿ ಇದೆ..."

"ಏನೂ ಹೇಳ್ಬೇಡಿ. ಹೊರಡಿ!"

ಆ ಕಾರೇ ಅವಳ ಡ್ರೈವಿಂಗ್ ಶಾಲೆ. ಮೀನು ಮಾರುವವರು, ನರ್ಸ್‌ಗಳು, ಒಬ್ಬ ಅಜ್ಜಿ ಕೂಡ ಅದರಲ್ಲೇ ಸ್ಟೀರಿಂಗ್ ಹಿಡಿದಿದ್ದರು.

"ಸಿಕ್ಕಿದ್ದು ತಗೊಂಡು ಮನೇಲಿ ಕೂರು," ಎಂದ ಅಣ್ಣ ರೊಸಾರಿಯೊ. "ಹೆಂಗಸರಿಗೆ ಕಾರು ಕಲಿಸ್ಕೊಂಡು ಎಷ್ಟು ದಿನ ತಿರುಗ್ತೀಯ?"

"ಕಾಲಲ್ಲಿ ಶಕ್ತಿ ಇರೋ ತನಕ!"

ಆದರೂ ಒಳಗೊಳಗೇ ಭಯ... ಹೊಸ ಕಾರು ಕೊಳ್ಳುವುದು ಅವಳ ಕೈಲಾಗುವ ಮಾತಲ್ಲ.

ಮರುದಿನ ಗ್ಯಾರೇಜಿನವನು, "ಸರ್ವೇಯರ್ ಹೊಸ ಬಾನೆಟ್ಟೂ ಬೇಡ, ಹೊಸ ಫೆಂಡರೂ ಬೇಡ ಅಂದ್ರು. ಈಗ್ತಾನೆ ಬಸ್ ನಿಲ್ದಾಣಕ್ಕೆ ಹೋದ್ರು," ಎಂದ.

ಜೊವಿತಾಳ ಮೈ ಉರಿಯಿತು. ನೇರ ಬಸ್ ನಿಲ್ದಾಣಕ್ಕೆ ಹೋಗಿ ಎಲ್ವಿನೊನನ್ನು ಹಿಡಿದಳು.

"ಹಳೇ ಕಾರು ಅಂತ ಹೊಸ ಸಾಮಾನಿಗೂ ಕತ್ತರಿ ಹಾಕಿದ್ರಾ?"

"ಹೌದು, ಹಾಕ್ದೆ! ಹೊಸದು ಹಾಕಿದ್ರೆ ಖರ್ಚು ಆ ಮುಕ್ಕಾಲು ಪಾಲಿನ ಗೆರೆ ದಾಟುತ್ತೆ. ಹಳೇದನ್ನೇ ಬಡಿದು ಸರಿ ಮಾಡಿದ್ರೆ ದಾಟಲ್ಲ, ಕಂಪನಿ ರಿಪೇರಿಗೆ ದುಡ್ಡು ಕೊಡುತ್ತೆ. ರಬ್ಬರ್, ಪ್ಲಾಸ್ಟಿಕ್ ಸವೆದಿರೋದಕ್ಕೆ ಸ್ವಲ್ಪ ನಿಮ್ಮ ಕೈಯಿಂದ್ಲೂ ಹೋಗುತ್ತೆ. ಆದ್ರೆ ಕಾರು ಉಳಿಯುತ್ತೆ!"



"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಹೇಳೋಕೆ ಬಿಟ್ರೆ ತಾನೆ!"

ಅವಳಿಗೆ ನಗು ಬಂತು, ಜೊತೆಗೆ ಕಣ್ಣೀರೂ. 'ಅಯ್ಯೋ, ಇಂಥವನನ್ನ ಬೈದು ಕಳಿಸಿದೆನಲ್ಲಾ...'

"ಸರಿ, ನೀವ್ಯಾಕೆ ಬಸ್ಸಲ್ಲಿ?"

ಎಲ್ವಿನೊನ ಕಿವಿ ಕೆಂಪಾಯಿತು. "ನಂಗೆ ಕಾರು ಓಡಿಸೋಕೆ ಬರಲ್ಲ."

ರಿಪೇರಿ ಮುಗಿಯುವ ತನಕ ಇಬ್ಬರೂ ದಿನಾ ಗ್ಯಾರೇಜಿನಲ್ಲಿ ಭೇಟಿಯಾಗುತ್ತಿದ್ದರು. ಕಾರು ಮನೆಗೆ ಬಂದ ಮೇಲೆ, ಒಂದು ಬೆಳಿಗ್ಗೆ ಅವನೇ ಕಲಿಯಲು ಬಂದು ಅವಳ ಪಕ್ಕ ಸ್ಟೀರಿಂಗ್ ಮುಂದೆ ಕೂತ. ಕೀಲಿ ತಿರುಗಿಸಲೇ ಇಲ್ಲ.

"ಜೊವಿತಾ, ಕಲಿಯೋದು ಒಂದು ನೆಪ ಅಷ್ಟೆ. ನಿಮ್ಮ ಪಕ್ಕ ಕೂರ್ಬೇಕಿತ್ತು... ಜೀವನ ಪೂರ್ತಿ."

ಅವಳ ಮುಖ ಅರಳಿತು. ಆದರೂ ಗದ್ದ ಎತ್ತಿದಳು. "ನಾನು ಶಾಲೆ ಮುಚ್ಚಲ್ಲ. ಮದ್ವೆ ಆದ್ರೂ ಮನೇಲಿ ಕೂರಲ್ಲ."

"ನಿಮ್ಮನ್ನ ಕೂರಿಸೋ ಧೈರ್ಯ ಯಾರಿಗಿದೆ?"

ಗೇಟಿನಿಂದ ರೊಸಾರಿಯೊ ಕೂಗಿದ. "ಯಾರದು ಕಾರಲ್ಲಿ?!"

ಜೊವಿತಾ ಕಿಟಕಿಯಿಂದ ತಲೆ ಹೊರಹಾಕಿ, ಬೀದಿಗೆಲ್ಲ ಕೇಳುವಂತೆ ಹೇಳಿದಳು.

"ನನ್ನವನು!"

ಎಲ್ವಿನೊ ಕೀಲಿ ತಿರುಗಿಸಿ ಗೇರಿನ ಮೇಲೆ ಕೈಯಿಟ್ಟ. ಅವಳು ಆ ಕೈಯ ಮೇಲೆ ತನ್ನ ಕೈಯಿಟ್ಟಳು.

"ಹೆದರ್ಬೇಡ ಕಣೋ. ಕ್ಲಚ್ ನಿಧಾನ ಬಿಡು."

"ನೀನು ಕೈ ಬಿಡ್ಬೇಡ."

"ಬಿಡಲ್ಲ."