ಕೈ ಮುರಿದ ಗೊಂಬೆ

ದಿನಕ್ಕೆ ಮೂರೂವರೆ ಸಾವಿರ ಬಾಡಿಗೆ. ಐದು ದಿನಕ್ಕೆ ಹದಿನೇಳೂವರೆ ಸಾವಿರ. ಹುಬ್ಬಳ್ಳಿಯಿಂದ ಬಂದುಹೋಗುವ ಕಾರಿನ ಖರ್ಚು ಬೇರೆ. ಗೊಂಬೆಗೆ ಎಷ್ಟಾಗಿತ್ತೋ ಗೊತ್ತಿಲ್ಲ. ಅದನ್ನು ಯಾರೋ ಪುಕ್ಕಟೆಯಾಗಿ ಬಾಗಿಲಿಗೆ ತಂದಿಟ್ಟಿದ್ದರು—ಎರಡೂ ಕೈ ಮುರಿದು.

ಮೊದಲು ಕಂಡದ್ದು ಆರು ವರ್ಷದ ಸ್ಮೃತಿಗೆ. ಹಾಲಿನ ಪ್ಯಾಕೆಟ್ ತರಲು ಹೋದವಳು ಗೊಂಬೆ ಎತ್ತಿಕೊಂಡು ಒಳಗೆ ಬಂದು, "ಅವ್ವಾ, ಇದರ ಕೈ ಎಲ್ಲಿ?" ಅಂದಳಂತೆ. ಅವಳ ತಾಯಿ ಸೌಂದರ್ಯಾ ಆಗ ಕೂತವಳು, ನಾವು ಬೆಂಗಳೂರಿನ ವಿಜಯನಗರದ ಆ ಮನೆ ತಲುಪಿದಾಗಲೂ ಸೋಫಾದಿಂದ ಎದ್ದಿರಲಿಲ್ಲ. ಎರಡೂ ಕೈಗಳನ್ನು ದುಪಟ್ಟಾದೊಳಗೆ ಸುತ್ತಿಕೊಂಡಿದ್ದಳು.

ನಾವು ಅಂದರೆ ನಾನು, ಲಕ್ಷ್ಮೀಪತಿ. ಮತ್ತು ನನ್ನ ಹೆಂಡತಿ ಪಂಕಜಾ. ರಾಜಾಜಿನಗರದಲ್ಲಿ ಅವಳದೊಂದು ಪತ್ತೇದಾರಿ ಕಚೇರಿ ಇದೆ. ಮದುವೆಗೆ ಮುಂಚೆ ಗಂಡಿನ ಪೂರ್ವಾಪರ ವಿಚಾರಿಸುವುದೇ ಹೆಚ್ಚು. ಸ್ಕೂಟರ್ ಓಡಿಸುವುದು ನನ್ನ ಪಾಲು.

ನಮ್ಮನ್ನು ಕರೆಸಿದ್ದು ಮನೆಯ ಒಡತಿ ನೀಲಮ್ಮ. ಗಂಡ ತೀರಿಕೊಂಡ ಮೇಲೆ, ಅಪ್ಪನಿಂದ ಪಾಲಿಗೆ ಬಂದ ಅರ್ಧ ಮನೆಯನ್ನು ರಜೆಗೆ ಬರುವವರಿಗೆ ಕೊಟ್ಟು, ತಾನು ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದಾಳೆ. ಇನ್ನರ್ಧದಲ್ಲಿ ಅಣ್ಣ ಕೃಷ್ಣಯ್ಯ.

"ಹೋದ ತಿಂಗಳು ಬಂದೋರೂ ಹೀಗೇ ಹೆದರಿ ಅರ್ಧಕ್ಕೆ ಹೋದ್ರು ಪಂಕಜಾ," ಎಂದಳು ನೀಲಮ್ಮ. "ಇವರೂ ಹೋದ್ರೆ ಇನ್ಯಾರೂ ಬರಲ್ಲ. ಮನೆ ಮಾರ್ಬೇಕಾಗುತ್ತೆ, ಅಷ್ಟೇ."

ಹಿಂದಿನ ಸಂಜೆ ಮೂರು ಬೈಕುಗಳು ಬಂದಿದ್ದವು. ಆರು ಜನ. ಯಾರೂ ಹೆಲ್ಮೆಟ್ ತೆಗೆಯಲಿಲ್ಲ. ಗೇಟಿನ ಹತ್ತಿರ ಮೊಮ್ಮಗಳೊಂದಿಗೆ ನಿಂತಿದ್ದ, ಹುಬ್ಬಳ್ಳಿ ಕುಟುಂಬದ ಹಿರಿಯ ಶಿವಬಸಪ್ಪನವರನ್ನು ಒಬ್ಬ ಮಾತಾಡಿಸಿದ.

"ಏನಂದ?" ಪಂಕಜಾ ಕೇಳಿದಳು.

"'ತಾತ, ನಾಳೆ ಮಧ್ಯಾಹ್ನದೊಳಗೆ ಖಾಲಿ ಮಾಡಿ. ಇಲ್ಲಾಂದ್ರೆ ನಿಮ್ಮ ಸೊಸೆ ದಿನಾ ರೊಟ್ಟಿ ತಟ್ತಾಳಲ್ಲ, ಆ ಕೈ ಇರಲ್ಲ' ಅಂದ್ನರಿ," ಎಂದರು ಶಿವಬಸಪ್ಪ. "ನಮ್ಮ ಒಲಿ ಮುಂದಿನ ಸುದ್ದಿ ಅವರಿಗೆ ಹೆಂಗ ಗೊತ್ತಾತು? ಪೊಲೀಸರ ಕಡೆ ಹೋದ್ರ ಕೂಸಿನ ಸಾಲಿ ತನಕಾ ಬರ್ತೀವಿ ಅಂದಾರ. ಹಿಂದಕ ಟೀವಿಯೊಳಗ ಇಂಥಾ ಕಥಿ ನೋಡ್ತಿದ್ವಿ—ಸೂಟಿ ಕಳಿಯಾಕ ಹೋದ ಮಂದಿ, ಬೆನ್ನ ಹತ್ತಿದ ಗ್ಯಾಂಗು. ಚಾ ಕುಡಕೋತ ನೋಡ್ತಿದ್ವಿರಿ."

"ಆ ಕಥೆಗಳಲ್ಲಿ ಗ್ಯಾಂಗಿಗೆ ಒಳಗಿನ ಸುದ್ದಿ ಕೊಡೋನು ಒಬ್ಬ ಇರ್ತಿದ್ದ ಅಲ್ವಾ ಯಜಮಾನ್ರೇ?" ಎಂದಳು ಪಂಕಜಾ.

ಎಲ್ಲರ ಕಣ್ಣು ಪಾತ್ರೆ ತೊಳೆಯುವ ಕಲಾಳ ಕಡೆ ಹೋಯಿತು.

"ನನ್ನ ಯಾಕೆ ನೋಡ್ತೀರಾ?" ಕಲಾ ಸಿಡಿದಳು. "ಕಾರಲ್ಲಿ ಮಲಗೋ ಡ್ರೈವರ್ ಅಣ್ಣ ಇಲ್ವಾ? ಅವರನ್ನ ಕೇಳಿ!"

"ನಾ ಇವರ ಅನ್ನ ತಿಂದಾಂವ," ಎಂದ ಡ್ರೈವರ್ ಫಕೀರೇಶ.

"ಅಡುಗೆಮನೆಗೆ ದಿನಾ ಯಾರ್ಯಾರು ಬರ್ತಾರೆ?" ಪಂಕಜಾ ಕೇಳಿದಳು.

"ಇವರಿಬ್ಬರೇ," ಎನ್ನುತ್ತ ಶಿವಬಸಪ್ಪನವರ ಮಗ ಶಿವಕಿರಣ್ ಒಳಗಿನಿಂದ ಬಂದ. ಮೊಣಕೈವರೆಗೂ ಹಿಟ್ಟು ಮೆತ್ತಿತ್ತು. ಹೆಂಡತಿಗೆ ಕೈಕಾಲು ಆಡುತ್ತಿಲ್ಲ, ಪಾಪ, ಇವನೇ ಏನೋ ಮಾಡುತ್ತಿದ್ದಾನೆ ಅಂದುಕೊಂಡೆ. ಪಂಕಜಾ ಆ ಹಿಟ್ಟನ್ನೇ ನೋಡುತ್ತಿದ್ದಳು. ಆಮೇಲೆ ಸೌಂದರ್ಯಾಳ ಪಕ್ಕ ಕೂತು, ದುಪಟ್ಟಾ ಮೆಲ್ಲಗೆ ಬಿಡಿಸಿದಳು. ಅಂಗೈ ತುಂಬ ಮದರಂಗಿ. ಉದ್ದನೆಯ ಉಗುರುಗಳಿಗೆ ಬಣ್ಣ.

"ಈ ಕೈಗೆ ಏನೂ ಆಗಲ್ಲಮ್ಮ," ಎಂದಳು.

ಆಮೇಲೆ ಶಿವಕಿರಣ್‌ನನ್ನು ಅಡುಗೆಮನೆಗೆ ಕರೆದೊಯ್ದು ಏನೋ ಹೇಳಿದಳು. ಸೌಂದರ್ಯಾಳ ಅತ್ತೆ ಕಮಲಾಕ್ಷಮ್ಮ ಒಮ್ಮೆ "ಬ್ಯಾಡ್ರೀ, ಮಂದಿ ನಗ್ತಾರ" ಅಂದದ್ದು ಕೇಳಿಸಿತು. ಪಂಕಜಾ ಹೊರಬಂದು ನನಗೆ, "ರೀ, ಠಾಣೆಗೆ ಫೋನ್ ಮಾಡಿ. ಯೂನಿಫಾರ್ಮ್ ಇಲ್ದೆ ಬಂದು ತಿರುವಿನಲ್ಲಿ ನಿಲ್ಲಲಿ," ಎಂದಳು.

"ಮಗು..." ಎಂದೆ.

"ಮಗು ನೀಲಮ್ಮನ ಜೊತೆ ಮೇಲಿರುತ್ತೆ. ನೀವು ಸೌಂದರ್ಯಾನ ಕರ್ಕೊಂಡು ಪಕ್ಕದ ಕೃಷ್ಣಯ್ಯನವರ ಬಾಗಿಲ ಹೊರಗೆ ನಿಂತ್ಕೊಳ್ಳಿ. ನಾನು ಕರೆಯೋವರೆಗೂ ಉಸಿರು ಬಿಡ್ಬೇಡಿ."

ಹನ್ನೆರಡು ಆಗುತ್ತ ಬಂದಿತ್ತು. ಸೌಂದರ್ಯಾಳ ಕೈ ನನ್ನ ತೋಳಿನ ಮೇಲಿತ್ತು. ಒಳಗೆ ಕೃಷ್ಣಯ್ಯನವರು ಪಂಕಜಾಗೆ ಕಾಫಿ ಕೊಡುತ್ತಿದ್ದರು.

"ಮಕ್ಕಳೊಂದಿಗರು. ಊರಿಗೆ ಹೋಗ್ಬಿಡೋದೇ ಒಳ್ಳೇದು ಅಂತ ನೀಲಂಗೆ ಹೇಳ್ದೆ," ಎನ್ನುತ್ತಿದ್ದರು. "ಊರು ಮೊದಲಿನ ಹಾಗಿಲ್ಲಮ್ಮ."

"ನೀವು ಆ ಹುಬ್ಬಳ್ಳಿಯವರನ್ನ ನೋಡಿದೀರಾ?"

"ಗೇಟಲ್ಲಿ ಕಂಡಿದ್ದೆ. ಒಳಗೆ ನಾನ್ಯಾಕೆ ಹೋಗ್ಲಿ? ಪಾಲಾದ ಮೇಲೆ ಆ ಹೊಸ್ತಿಲು ತುಳಿದಿಲ್ಲ."

ಅಷ್ಟರಲ್ಲಿ ಶುರುವಾಯಿತು. ಟಪ್. ಟಪ್. ಟಪ್ ಟಪ್ ಟಪ್. ಮಧ್ಯದ ಗೋಡೆಯೇ ಮಾತಾಡಿದಂತೆ.

"ಅದೇನು ಸಾರ್ ಸದ್ದು?"

"ಅದಾ? ಆ ಸೊಸೆ ಹುಡುಗಿ ರೊಟ್ಟಿ ತಟ್ತಾಳೆ. ಬಂದ ದಿನದಿಂದ ಇದೇ ಗೋಳು. ಗಂಟೆಗಟ್ಟಲೆ!"

"ಈಗಲೂ ಅವಳೇನಾ?"

"ಮತ್ತಿನ್ಯಾರು?"

"ಸೌಂದರ್ಯಾ, ಒಳಗೆ ಬಾಮ್ಮ."

ಅವಳು ಹೊಸ್ತಿಲು ದಾಟಿದಳು. ಗೋಡೆಯಾಚೆ ರೊಟ್ಟಿಯ ಸದ್ದು ನಿಂತಿರಲಿಲ್ಲ. ಕೃಷ್ಣಯ್ಯ ಅವಳನ್ನು ನೋಡಿದರು, ಗೋಡೆಯನ್ನು ನೋಡಿದರು, ಮತ್ತೆ ಅವಳ ಮದರಂಗಿಯ ಕೈಗಳನ್ನು ನೋಡಿದರು. ಕಾಫಿ ಲೋಟ ತುಳುಕಿತು.

ಆಗಲೇ ರಸ್ತೆಯ ಆ ತುದಿಯಿಂದ ಬೈಕುಗಳ ಸದ್ದು. ಒಂದು... ಎರಡು... ಮೂರು. ಸೌಂದರ್ಯಾ ಗೋಡೆಗೆ ಒರಗಿದಳು.

"ಫೋನ್ ಮಾಡಿ ಸಾರ್," ಎಂದಳು ಪಂಕಜಾ, ದನಿ ಏರಿಸದೆ. "ಈ ಹುಡುಗಿಯ ಮೇಲೆ ಒಂದು ಏಟು ಬಿದ್ರೆ ಅದು ನಿಮ್ಮ ತಲೆ ಮೇಲೆ."

ಸದ್ದು ಹತ್ತಿರವಾಯಿತು. ಕೃಷ್ಣಯ್ಯ ಜೇಬಿನಿಂದ ಮೊಬೈಲ್ ತೆಗೆದರು.

"ಲೋ... ಬರ್ಬೇಡ್ರೋ. ಬೇಡ ಅಂದ್ನಲ್ಲ, ವಾಪಸ್ ಹೋಗಿ!"

ಗೇಟಿನ ಮುಂದೆಯೇ ಬೈಕುಗಳು ತಿರುಗಿದವು. ತಿರುವಿನಲ್ಲಿ ಪೊಲೀಸರು ಕಾದಿದ್ದರು.

"ಎಲ್ಲರೂ ಹೆದರಿದ್ದು ಒಂದೇ ಮಾತಿಗೆ," ಎಂದು ಪಂಕಜಾ ಆಮೇಲೆ ವಿವರಿಸಿದಳು. "ಅಡುಗೆಮನೆ ಸುದ್ದಿ ಅವರಿಗೆ ಹೇಗೆ ಗೊತ್ತಾಯ್ತು ಅಂತ. ಆ ಸುದ್ದಿ ತಪ್ಪು ಅನ್ನೋದು ಯಾರ ಗಮನಕ್ಕೂ ಬರಲಿಲ್ಲ. ಈ ಮನೇಲಿ ರೊಟ್ಟಿ ತಟ್ಟೋದು ಸೊಸೆ ಅಲ್ಲ, ಮಗ."

"ನಮ್ಮದು ಖಾನಾವಳಿರಿ," ಕಮಲಾಕ್ಷಮ್ಮ ಸಂಕೋಚದಿಂದ ಹೇಳಿದರು. "ನನ್ನ ಕೈ ಸುಟ್ಟಾಗಿಂದ ಇವನೇ ರೊಟ್ಟಿ ಬಡಿತಾನ. ಹೊರಗಿನವರ ಮುಂದ ಹೇಳೂದಿಲ್ಲ."

"ಕಲಾ ನೋಡಿದಾಳೆ," ಎಂದಳು ಪಂಕಜಾ. "ಫಕೀರೇಶ ಆ ಕೈಯಿಂದಲೇ ತಿಂತಾನೆ. ಅವರು ಸುದ್ದಿ ಕೊಟ್ಟಿದ್ರೆ ಮಗ ಅಂತಾನೇ ಹೇಳ್ತಿದ್ರು. ಸೊಸೆ ಅಂದೋನು ನೋಡಿಲ್ಲ, ಬರೀ ಕೇಳಿದಾನೆ. ರೊಟ್ಟಿ ಅಂದ್ರೆ ಹೆಂಗಸೇ ಅಂದ್ಕೊಂಡಿದಾನೆ. ಪಾಲಾದಾಗ ದೊಡ್ಡ ಅಡುಗೆಮನೆ ನಡುವೆ ಎಬ್ಬಿಸಿದ ನಾಲ್ಕಿಂಚಿನ ಗೋಡೆ. ಅದರಾಚೆ ಇರೋದು ಕೃಷ್ಣಯ್ಯ ಒಬ್ಬರೇ."

"ನಾನು ಶಿವಕಿರಣ್ ಅಣ್ಣ ರೊಟ್ಟಿ ತಟ್ಟೋದನ್ನ ವಿಡಿಯೋನೇ ಮಾಡಿದೀನಿ," ಎಂದಳು ಕಲಾ, ಮೂಗು ಒರೆಸಿಕೊಳ್ಳುತ್ತ. "ನಮ್ಮನೆಯೋನಿಗೆ ತೋರ್ಸೋಕೆ."

ಬೆಳಿಗ್ಗೆಯಿಂದ ಮೊದಲ ಬಾರಿಗೆ ಸೌಂದರ್ಯಾ ನಕ್ಕಳು. ನೀಲಮ್ಮ ನಗಲಿಲ್ಲ. ಬಾಡಿಗೆಯವರು ನಿಲ್ಲದಿದ್ದರೆ ತಂಗಿ ತನಗೇ ಅಗ್ಗಕ್ಕೆ ಮಾರುತ್ತಾಳೆಂಬ ಲೆಕ್ಕ ಕೃಷ್ಣಯ್ಯನವರದು. ಜೀಪು ಹತ್ತುವಾಗ ಅವರು ತಿರುಗಿ ನೋಡಲಿಲ್ಲ. ಅವಳು ಗೇಟು ಹಿಡಿದು ನಿಂತೇ ಇದ್ದಳು.

ಹುಬ್ಬಳ್ಳಿಯವರು ಉಳಿದ ದಿನಗಳನ್ನೂ ಅಲ್ಲೇ ಕಳೆದರು. ನೀಲಮ್ಮನಿಗೆ ಮನೆ ಉಳಿಯಿತು. ಅಣ್ಣ ಉಳಿಯಲಿಲ್ಲ.