ಬೋರಲು ಗಡಿಗೆಯ ಮಂಡಿಗೆ

ಮೊದಲೇ ಕ್ಷಮೆ ಕೇಳುತ್ತೇನೆ. ಕತೆ ಬರೆಯುತ್ತಿರುವುದು ಇದೇ ಮೊದಲು. ಚೆನ್ನಾಗಿ ಹೇಳಲು ಬರುವುದಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ವಿವರಿಸಿಬಿಡುತ್ತೇನೆ. ಮಂಡಿಗೆ ನೋಡದವರಿಗೆ ಒಂದು ಮಾತು. ಹೂರಣ ತುಂಬಿದ ಕಣಕವನ್ನು ಕೈಮೇಲೆ ಬೀಸಿ ಬೀಸಿ ವಸ್ತ್ರದಷ್ಟು ಅಗಲ ಮಾಡಿ, ಒಲೆಯ ಮೇಲೆ ಬೋರಲು ಹಾಕಿದ ಗಡಿಗೆಯ ಬೆನ್ನಿನ ಮೇಲೆ ಬೇಯಿಸುತ್ತಾರೆ. ಬಿಸಿ ಇರುವಾಗ ಹಾಳೆ ಮೆತ್ತಗಿರುತ್ತದೆ, ಆಗಲೇ ಮಡಚಬೇಕು. ಆರಿದರೆ ಮುಟ್ಟಿದಲ್ಲಿ ಪುಡಿ. ಇದು ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಎಷ್ಟೋ ಕಾಲದ ಹಿಂದೆ ಬೂದಿಗಿರಿ ಎಂಬ ರಾಜ್ಯದಲ್ಲಿ ಸೂರ್ಯನೇ ಕಾಣುತ್ತಿರಲಿಲ್ಲ. ಧೂಮಕೇಶನೆಂಬ ಮಾಂತ್ರಿಕ ರಾಜನನ್ನು ಕೊಂದು, ಅರಮನೆಯ ಒಲೆಯ ಹೊಗೆಯಿಂದ ಆಕಾಶ ಮುಚ್ಚಿದ್ದ. ಅವನಿಗೆ ಮಂಡಿಗೆಯ ಹುಚ್ಚು. ತಿಂಗಳಿಗೊಬ್ಬ ಅಡುಗೆಯವನನ್ನು ಹಿಡಿದು ತಂದು, ಮೂರು ಹಾಳೆ ಮಾಡು ಎನ್ನುತ್ತಿದ್ದ. ಅವನು ಹಾಕಿದ ಮಾಟ ಇದು: ಮಡಚುವ ಮೊದಲೇ ಯಾರಿಂದ ಹಾಳೆ ಹರಿಯುತ್ತದೋ ಅವರು ಗಡಿಗೆಯಾಗಬೇಕು. ಮುಂದಿನವರು ಆ ಗಡಿಗೆಯ ಮೇಲೆ ಬೇಯಿಸಬೇಕು.

ಹೀಗೆ ಒಂದು ತಿಂಗಳು ಗಡಿಗೆಯಾದವನು ಸಿದ್ರಾಮ. ಅವನ ತಂಗಿ ಗುರವ್ವ ಯಾರೂ ಕರೆಯದೆ ತಾನೇ ಅರಮನೆಗೆ ಬಂದಳು.

"ಅಣ್ಣನ ಬೆನ್ನ ಮೇಲೆ ಬೇಯಿಸ್ತೀಯಾ?" ಧೂಮಕೇಶ ನಕ್ಕ. "ಅಡುಗೆ ಬರುತ್ತೋ, ಬರೀ ಅಳು ಬರುತ್ತೋ?"

"ಎರಡೂ ಬರತಾವ್ರಿ."

ಗುರವ್ವ ಗಡಿಗೆಯ ಬೆನ್ನಿಗೆ ತಣ್ಣೀರು ಚಿಮುಕಿಸಿ ಬಗ್ಗಿ ಕೇಳಿದಳು. "ಅಣ್ಣಾ, ತಡೀತೀಯೇನು?"

ಗಡಿಗೆಗೆ ಕಿವಿಗೊಟ್ಟು ನಿಂತಳು. ಆಮೇಲೆ ಗಡಿಗೆಯೊಳಗಿಂದ ದನಿ ಬಂತು. "ತಡೀತೀನಿ, ಬೇಯ್ಸವ್ವ. ನನ್ನ ಸಲುವಾಗಿ ಉರಿ ಸಣ್ಣ ಮಾಡಬ್ಯಾಡ. ಹಾಳಿ ಅಂಟತದ."

ಅವಳು ಉರಿ ದೊಡ್ಡದು ಮಾಡಿದಳು. ಗಡಿಗೆ ನರಳಿತು. ಅವಳು ಕೈ ನಿಲ್ಲಿಸಲಿಲ್ಲ.

ಮೊದಲ ಹಾಳೆ ಅದರ ಆಚೆಗಿನ ದೀಪದ ಕುಡಿ ಕಾಣುವಷ್ಟು ತೆಳುವಿರಬೇಕೆಂದು ಧೂಮಕೇಶನ ಷರತ್ತು. ಕಂಡಿತು. ಮಡಚಿ ತಟ್ಟೆಗಿಟ್ಟಳು.

ಎರಡನೆಯದಕ್ಕೆ ಧೂಮಕೇಶ ಕಬ್ಬಿಣದ ರೆಕ್ಕೆಯ ಹದ್ದನ್ನು ಬಿಟ್ಟ. ಅದು ರೆಕ್ಕೆ ಬಡಿದರೆ ಅಡುಗೆಮನೆಯ ತುಂಬ ಬಿರುಗಾಳಿ. ಗುರವ್ವ ಹದ್ದಿಗೆ ಬೆನ್ನು ತಿರುಗಿಸಿ, ಹಾಳೆಯನ್ನು ಎದೆಯ ಮರೆಯಲ್ಲಿ ಬೀಸಿದಳು. ಕಬ್ಬಿಣದ ರೆಕ್ಕೆ ತಗುಲಿ ಬೆನ್ನು ಹರಿದು ರಕ್ತ ಬಂತು. ಹಾಳೆ ಹರಿಯಲಿಲ್ಲ. ಅದನ್ನೂ ಮಡಚಿಟ್ಟಳು.

ಮೂರನೆಯದಕ್ಕೆ ಧೂಮಕೇಶ ಮಂಚದ ಮೇಲೆ ಮಲಗಿದ. "ತಲೆಯಿಂದ ಕಾಲಿನವರೆಗೆ ನನಗೆ ಹೊದಿಸು. ಎಲ್ಲೂ ಹರಿಯಬಾರದು."

ಅಲ್ಲಿಯತನಕ ಮೂರನೆಯ ಹಾಳೆಗೆ ಯಾರೂ ತಲುಪಿರಲಿಲ್ಲ. ಅವನು ಒಲೆಯ ಹತ್ತಿರ ನಿಂತವನೂ ಅಲ್ಲ. ಮಂಡಿಗೆ ಅವನಿಗೆ ಯಾವಾಗಲೂ ಬಿಸಿಬಿಸಿಯಾಗಿ, ಮಡಚಿದ ಮೇಲೆಯೇ ಬರುತ್ತಿತ್ತು. ಬಿಡಿಸಿಟ್ಟ ಹಾಳೆ ಆರಿದರೆ ಏನಾಗುತ್ತದೆಂದು ಅವನು ನೋಡಿರಲಿಲ್ಲ. ಮುಂದೆ ಬೇಕಾಗುತ್ತದೆ ಎಂದು ಮೊದಲು ಹೇಳಿದ್ದು ಇದನ್ನೇ.

ಗುರವ್ವ ಆಗಷ್ಟೇ ಬೇಯಿಸಿದ ಮೆತ್ತನೆಯ ಹಾಳೆಯನ್ನು ಹೊದಿಸಿ, ಅಂಚುಗಳನ್ನು ಅವನ ಮೈಗೆ ಒತ್ತಿದಳು.

"ಬೆಚ್ಚಗಿದೆ," ಎಂದ.

"ಹಂಗೇ ಮಲಗ್ರಿ. ಮಡಚೂ ಹೊತ್ತು ನಾ ಹೇಳ್ತೀನಿ."

ಅವಳು ಕೈಕಟ್ಟಿ ನಿಂತಳು. ಹಾಳೆ ಆರಿತು.

"ಇನ್ನೂ ಎಷ್ಟು ಹೊತ್ತು?" ಎನ್ನುತ್ತ ಅವನು ಕತ್ತು ಹೊರಳಿಸಿದ. ಹಾಳೆ ಚೂರುಚೂರಾಯಿತು. ಮಾಟ ತನ್ನನ್ನು ಹಾಕಿದವನ ಮುಖ ನೋಡಲಿಲ್ಲ. ಮಂಚದ ಮೇಲೆ ಒಂದು ಕರಿಯ ಗಡಿಗೆ ಉಳಿಯಿತು. ಹದ್ದು ತುಕ್ಕಾಗಿ ಉದುರಿತು. ಹೊಗೆ ಸರಿದು ಬಿಸಿಲು ಬಂತು.

ಉಳಿದ ಗಡಿಗೆಗಳೆಲ್ಲ ಮತ್ತೆ ಮನುಷ್ಯರಾದರು. ಬಿರುಕು ಬಿಟ್ಟಿದ್ದವು ಮಾತ್ರ ಆಗಲಿಲ್ಲ, ಅವು ಹದಿನೇಳಿದ್ದವು. ಸಿದ್ರಾಮ ಎದ್ದು ಬಂದ. ಅವನ ಬೆನ್ನ ಮೇಲೆ ಮೂರು ಹಾಳೆಗಳ ಸುಟ್ಟ ಗುರುತಿತ್ತು. ಗುರವ್ವ ಅದಕ್ಕೆ ಬೆಣ್ಣೆ ಸವರುತ್ತ ಅತ್ತಳು. "ಅಂಟಲಿಲ್ಲಲ್ಲ," ಎಂದ ಅಣ್ಣ. ಆಮೇಲೆ ಬೂದಿಗಿರಿಯ ಜನ ಸುಖವಾಗಿಯೇ ಇದ್ದರು. ಆದರೆ ಮಂಡಿಗೆ ಮಾಡುವ ದಿನ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ.

ಇನ್ನೊಂದು ವಿವರಣೆ ಬಾಕಿ ಇದೆ. ನಮ್ಮ ಮನೆಯಲ್ಲಿ ಇವತ್ತಿಗೂ ಒಲೆ ಹಚ್ಚುವ ಮುಂಚೆ ಗಡಿಗೆಗೆ ತಣ್ಣೀರು ಚಿಮುಕಿಸಿ, "ತಡೀತೀಯೇನು?" ಎಂದು ಕೇಳುತ್ತೇವೆ. ಕೇಳಿ ಒಂದು ಗಳಿಗೆ ಸುಮ್ಮನೆ ನಿಲ್ಲಬೇಕು. ಒಳಗಿಂದ ಉತ್ತರ ಬಂದರೆ ಏನು ಮಾಡಬೇಕೆಂದು ಅಜ್ಜಿ ನನಗೊಬ್ಬನಿಗೇ ಹೇಳಿದ್ದಾಳೆ. ಅಕ್ಕ ಅಡುಗೆಮನೆಯಿಂದ ಕರೆಯುತ್ತಿದ್ದಾಳೆ, ಬೇಗ ಬಾ ಅಂತೆ, ಗಡಿಗೆ ಏನೋ ಅಂತಿದೆಯಂತೆ. ಉತ್ತರ ಬಂದರೆ, ಮೊದಲು ಉರಿಯನ್ನು—