ಇವರು ನಿಮಗೆ ಏನಾಗಬೇಕು?

ಮೇಲಿನ ಕೋಣೆಯನ್ನು ನೋಡಲು ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಒಳಗೆ ಕಿಟಕಿಯ ಬೆಳಕಿಗೆ ಮುಖಕೊಟ್ಟು ಕುಳಿತಿದ್ದ ಹೆಂಗಸು ಸೂಜಿಯನ್ನು ತೋಳು ಚಾಚಿದಷ್ಟು ದೂರ ಹಿಡಿದು, ಒಂದು ಕಣ್ಣು ಮುಚ್ಚಿ, ದಾರ ಪೋಣಿಸಲು ಹೆಣಗುತ್ತಿದ್ದಳು.

"ನಿಮಗೊಂದು ಕನ್ನಡಕ ಬೇಕು," ಎಂದ.

ಅವಳು ತಲೆಯೆತ್ತಲಿಲ್ಲ. "ಕಣ್ಣು ಚೆನ್ನಾಗೇ ಇದೆ. ಕೈ ಸ್ವಲ್ಪ ಚಿಕ್ಕದಾಯ್ತು, ಅಷ್ಟೆ."

ಅವನು ನಕ್ಕ. ಸದ್ದಿಲ್ಲದ, ಕಣ್ಣಂಚಿನಲ್ಲೇ ಮುಗಿದುಹೋಗುವ ನಗು ಅದು. ತಲೆಯೆತ್ತಿದವಳಿಗೆ ಅದರ ಕೊನೆಯ ಎಳೆಯಷ್ಟೇ ಕಾಣಿಸಿತು. ಪೂರ್ತಿ ನೋಡಲಿಲ್ಲವಲ್ಲ ಎಂಬ ಸಣ್ಣ ಕೊರತೆ ಮನಸ್ಸಿನಲ್ಲಿ ಉಳಿಯಿತು.

"ಯಾರೇ ಅದು?" ಒಳಗಿನಿಂದ ಅತ್ತೆಯ ದನಿ ಬಂತು. "ಪರದೆಗೆ ಬಂದವರೋ, ಕೋಣೆಗೆ ಬಂದವರೋ?"

"ಕೋಣೆಗೆ, ಅಮ್ಮಾ. ಪೇಟೆಬೀದಿಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜೋದು ನನ್ನ ಕೆಲಸ."

"ಹಾಗಾದ್ರೆ ಬಾಡಿಗೆ ಎಷ್ಟು ಅಂತ ಕಣ್ಣಿಗೆ ಸ್ಪಷ್ಟವಾಗೇ ಕಾಣುತ್ತೆ, ಬಾ," ಎಂದರು ಅತ್ತೆ.

ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಸೊಸೆ ಆಸ್ಪತ್ರೆಗಳಿಗೆ, ಹೋಟೆಲುಗಳಿಗೆ ಪರದೆ ಹೊಲಿಯುತ್ತಿದ್ದಳು. ಕೆಲಸವಿದ್ದಾಗ ಉಸಿರಾಡಲು ಬಿಡುವಿಲ್ಲ, ಇಲ್ಲದಾಗ ಯಂತ್ರದ ಮೇಲೆ ಧೂಳು. ಮನೆಯ ತೆರಿಗೆಗೂ ಅತ್ತೆಯ ಮಾತ್ರೆಗಳಿಗೂ ಆ ಏರಿಳಿತ ಅರ್ಥವಾಗುವಂತಿರಲಿಲ್ಲ. ಅದಕ್ಕಾಗಿಯೇ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಡುವ ಯೋಚನೆ ಹುಟ್ಟಿದ್ದು.

ಸಲಹೆ ಕೊಡಲು ಅವಳ ಚಿಕ್ಕಮ್ಮನ ಮಗನಿದ್ದ. ವಿಮೆಯ ಏಜೆಂಟು. ಈ ಮನೆಗೂ ಒಳಗಿನ ಸರಕಿಗೂ ವಿಮೆ ಮಾಡಿಸಿದ್ದವನು ಅವನೇ. ಮನೆಮಂದಿಗೆಲ್ಲ ಅವನು 'ಪಾಲಿಸಿ'.

"ಅಕ್ಕಾ, ಬಾಡಿಗೆ ಬರುತ್ತೆ ಅಂತ ಹಿಗ್ಗಬೇಡ. ಬರೋದರ ಬೆನ್ನಿಗೇ ಹೋಗೋದೂ ಇರುತ್ತೆ. ಕರಾರು ಮಾಡಿಸು, ಅಡ್ವಾನ್ಸ್ ತಗೋ, ಕರೆಂಟಿಗೆ ಬೇರೆ ಮೀಟರ್ ಹಾಕಿಸು. ಎಲ್ಲಕ್ಕಿಂತ ಮುಖ್ಯ, ನಮ್ಮ ಕಂಪನಿಗೆ ತಿಳಿಸು. ಮನೆಯೊಳಗೆ ಹೊರಗಿನವರು ಇದ್ದಾರೆ ಅಂತ ಮೊದಲೇ ಹೇಳದೆ ಇದ್ರೆ, ನಾಳೆ ಹೆಚ್ಚುಕಮ್ಮಿ ಆದಾಗ ಕೈ ಎತ್ತಿಬಿಡ್ತಾರೆ."

"ನಿನ್ನ ಬಾಯಲ್ಲಿ ಒಂದಾದ್ರೂ ಒಳ್ಳೆ ಮಾತು ಬರಲ್ವೇನೋ?"

"ಒಳ್ಳೆ ಮಾತಿಗೆ ಪ್ರೀಮಿಯಂ ಯಾರು ಕಟ್ತಾರೆ, ಅಕ್ಕಾ?"

ಅವಳು ಅವನು ಹೇಳಿದ್ದನ್ನೆಲ್ಲ ಮಾಡಿದಳು, ಕೊನೆಯದೊಂದನ್ನು ಬಿಟ್ಟು. ಮೊದಮೊದಲು ಕಂತು ಹೆಚ್ಚಾದೀತೆಂದು ಮುಂದೂಡಿದಳು. ಆಮೇಲಿನ ಕಾರಣ ಬೇರೆಯಾಗಿತ್ತು.

ಕನ್ನಡಕದವನು ಬಾಡಿಗೆಗೆ ಬಂದ ಕೆಲವೇ ದಿನಗಳಲ್ಲಿ ಮೆಟ್ಟಿಲ ಬುಡದಲ್ಲಿ ದಿನಬೆಳಗಾದರೆ ತುಂಬಿದ ಬಕೆಟ್ ಒಂದು ಕಾಣಿಸತೊಡಗಿತು. ಹೊಸ ಬಟ್ಟೆಯನ್ನು ಹೊಲಿಯುವ ಮೊದಲು ನೀರು ಚಿಮುಕಿಸಿ ಇಸ್ತ್ರಿ ಮಾಡಬೇಕು. ಮಂಡಿನೋವಿನಲ್ಲಿ ಅವಳು ಹಿತ್ತಲಿನಿಂದ ನೀರು ಹೊತ್ತು ತರುವುದನ್ನು ಅವನು ಗಮನಿಸಿದ್ದ. ಅಂಗಡಿಗೆ ಹೊರಡುವ ಮುನ್ನ ಮಾಳಿಗೆಯ ನಲ್ಲಿಯಲ್ಲಿ ನೀರು ಹಿಡಿದು ಕೆಳಗಿಟ್ಟು, ಏನೂ ಹೇಳದೆ ಹೋಗಿಬಿಡುತ್ತಿದ್ದ.

"ಕನ್ನಡಕದವರೇ, ಕರಾರಿನಲ್ಲಿ ಇದು ಬರೆದಿಲ್ಲ," ಎಂದಳು ಒಮ್ಮೆ.

"ಕರಾರಿನಲ್ಲಿ ಬೇಡ ಅಂತಾನೂ ಬರೆದಿಲ್ಲ, ಪರದೆಯಮ್ಮಾ."

ಇನ್ನೊಂದು ದಿನ ಯಂತ್ರದ ಮೇಲೆ ಕನ್ನಡಕವೊಂದು ಕುಳಿತಿತ್ತು. ಅವಳು ಅದನ್ನು ಕಾಣದವಳಂತೆ ಪಕ್ಕಕ್ಕೆ ಸರಿಸಿದಳು. ಸಂಜೆ ಮರಳಿದ ಅವನು ಮೆಟ್ಟಿಲು ಹತ್ತುತ್ತಾ ಅವಳ ಮುಖವನ್ನು ಅಗತ್ಯಕ್ಕಿಂತ ಒಂದು ಗಳಿಗೆ ಹೆಚ್ಚು ನೋಡಿದ.

"ಏನು?"

"ಏನಿಲ್ಲ. ಹಾಕ್ಕೊಳ್ಳದೆ ಇರೋ ಕನ್ನಡಕ ಮೂಗಿನ ಮೇಲೆ ಹೇಗೆ ಗುರುತು ಬಿಡುತ್ತೆ ಅಂತ ಯೋಚನೆ ಮಾಡ್ತಿದ್ದೆ."

ಅವಳ ಕೈ ತಾನಾಗಿಯೇ ಮೂಗಿಗೆ ಹೋಯಿತು. ಆ ಸಲ ಅವನ ನಗುವನ್ನು ಅವಳು ಪೂರ್ತಿ ನೋಡಿದಳು.

ಕಂಪನಿಗೆ ತಿಳಿಸುವ ಮಾತು ಅಲ್ಲಿಂದಾಚೆಗೆ ಕಷ್ಟವಾಯಿತು. ತಿಳಿಸಬೇಕೆಂದರೆ ಅವನನ್ನು ಬಾಡಿಗೆಯವನೆಂದು ಬಾಯಿಬಿಟ್ಟು ಹೇಳಬೇಕಿತ್ತು. ಆ ಪದ ಅವಳ ನಾಲಿಗೆಗೆ ಒಗ್ಗದೆ ಹೋಯಿತು. ಬೇರೆ ಪದವನ್ನು ಆಡುವ ಹಕ್ಕು ತನಗಿಲ್ಲವೆಂದೂ ಅವಳಿಗೆ ಗೊತ್ತಿತ್ತು.

ಹೀಗಿರುವಾಗ ಊರಿನ ನಾಟಕ ಮಂದಿರದ ದೊಡ್ಡ ಪರದೆಯ ಕೆಲಸ ಅವಳಿಗೆ ಒಲಿದು ಬಂತು. ಕೈಯಲ್ಲಿದ್ದುದನ್ನೆಲ್ಲ ಸುರಿದು ಕಡುಗೆಂಪು ಮಖಮಲ್ಲು ತರಿಸಿದಳು. ಇದೊಂದು ಸರಿಯಾಗಿ ಮುಗಿದರೆ ಇಂಥ ಕೆಲಸಗಳು ತಾವಾಗಿಯೇ ಬಾಗಿಲು ತಟ್ಟುತ್ತಿದ್ದವು. ತಪ್ಪಿದರೆ ಯಂತ್ರವನ್ನೇ ಮಾರಬೇಕು.

ಒಂದು ಬೆಳಿಗ್ಗೆ ಮಾಳಿಗೆಯ ನಲ್ಲಿಯಲ್ಲಿ ನೀರಿರಲಿಲ್ಲ. ಅವನು ಅದನ್ನು ಆಚೆ ಈಚೆ ತಿರುಗಿಸಿ ನೋಡಿದ. ಒಣಗಿದ ನಲ್ಲಿ ತೆರೆದಿದೆಯೋ ಮುಚ್ಚಿದೆಯೋ ಹೇಳುವುದು ಕಷ್ಟ. ಇವತ್ತು ಅವಳಿಗೆ ನೀರಿಲ್ಲವಲ್ಲ ಎಂದುಕೊಳ್ಳುತ್ತಲೇ ಅಂಗಡಿಗೆ ಹೋದ. ಅತ್ತೆ ಸೊಸೆ ವೈದ್ಯರ ಬಳಿಗೆ ಹೋಗಿದ್ದಾಗ ನೀರು ಬಂತು. ಅವರು ಮರಳುವವರೆಗೂ ಬರುತ್ತಲೇ ಇತ್ತು.

ಬಾಗಿಲು ತೆರೆದಾಗ ಮುಂದಿನ ಕೋಣೆಯ ಚಾವಣಿಯ ಗಾರೆ ಮೇಲಿನಿಂದ ಇಳಿದ ನೀರಿಗೆ ನೆನೆದು ಕಳಚಿ ಮಖಮಲ್ಲಿನ ಮೇಲೆ ಬಿದ್ದಿತ್ತು. ಬಟ್ಟೆಯಿಂದ ಬಿಟ್ಟ ಬಣ್ಣ ನೆಲದ ತುಂಬ ಹರಿದಿತ್ತು. ಅವಳು ಕೂಗಲಿಲ್ಲ. ಒದ್ದೆ ನೆಲದಲ್ಲೇ ಕುಳಿತು ಬಟ್ಟೆಯ ಅಂಚನ್ನು ಬೆರಳುಗಳಿಂದ ಸವರಿದಳು.

ಸುದ್ದಿ ತಿಳಿದು ಪಾಲಿಸಿ ಓಡಿಬಂದ. "ನಾಳೆ ನಷ್ಟ ಪರಿಶೀಲನೆಗೆ ಸರ್ವೇಯರ್ ಬರ್ತಾರೆ. ಮನೆ ಜನರಿಂದ ಹೀಗಾದ್ರೆ ಕಂಪನಿ ಕೊಡುತ್ತೆ. ತಿಳಿಸದೆ ಇಟ್ಕೊಂಡ ಬಾಡಿಗೆಯವರಿಂದ ಆದ್ರೆ ಬಿಡಿಗಾಸೂ ಬರಲ್ಲ. ಇವರು ನಮ್ಮ ಬಂಧು ಅಂತ ಒಂದು ಮಾತು ಅಂದುಬಿಡು. ಮುಗಿದೇಹೋಯ್ತು."

"ನನ್ನ ತಂಗಿ ಮಗ ಅಂತ ಹೇಳೇ," ಎಂದರು ಅತ್ತೆ. "ನನಗೆ ತಂಗಿ ಇಲ್ಲ ಅಂತ ಅವರಿಗೇನು ಗೊತ್ತು?"

ಕನ್ನಡಕದವನು ಗೋಡೆಗೆ ಒರಗಿ ನಿಂತಿದ್ದ. ನಲ್ಲಿಯನ್ನು ತೆರೆದೇ ಬಿಟ್ಟು ಹೋದವನು ತಾನೆಂದು ಅವನಿಗೆ ತಿಳಿದಿತ್ತು. "ನಿಮಗೆ ಏನು ಬೇಕೋ ಅದನ್ನೇ ಹೇಳಿ," ಎಂದ. "ನಾನು ಹೌದು ಅಂತೀನಿ."

ಮರುದಿನ ಬಂದ ಸರ್ವೇಯರ್ ಮಿತಭಾಷಿ ಹೆಂಗಸು. ಚಾವಣಿ ನೋಡಿದರು, ನಲ್ಲಿ ನೋಡಿದರು, ಬಟ್ಟೆಯನ್ನು ಮುಟ್ಟಿ ನೋಡಿ ನಿಟ್ಟುಸಿರಿಟ್ಟರು. ಬಳಿಕ ಮೆಟ್ಟಿಲ ಬಳಿ ನಿಂತಿದ್ದವನ ಕಡೆ ತಿರುಗಿ ಅವಳನ್ನು ಕೇಳಿದರು:

"ಇವರು ನಿಮಗೆ ಏನಾಗಬೇಕು?"

ಪಾಲಿಸಿ ಕೆಮ್ಮಿದ. ಅತ್ತೆ ಸೆರಗಿನ ಮರೆಯಲ್ಲಿ ಕೈಸನ್ನೆ ಮಾಡಿದರು. ಅವಳು ಮೆಟ್ಟಿಲ ಬಳಿ ನಿಂತವನನ್ನು ನೋಡಿದಳು. ಅವನು ಒಂದು ಮಾತಿಗಾಗಿ ಕಾಯುತ್ತಿದ್ದ. ಆ ಕಾಯುವಿಕೆ ದುಡ್ಡಿಗೆ ಸಂಬಂಧಿಸಿದ್ದಲ್ಲವೆಂದು ಅವನ ಕಣ್ಣುಗಳೇ ಹೇಳುತ್ತಿದ್ದವು.

"ಏನೂ ಆಗಬೇಕಿಲ್ಲ," ಎಂದಳು ಅವಳು. "ಮೇಲಿನ ಕೋಣೆಗೆ ಬಾಡಿಗೆ ಕೊಟ್ಕೊಂಡು ಇದ್ದಾರೆ. ಕಂಪನಿಗೆ ತಿಳಿಸಿರಲಿಲ್ಲ. ಅದು ನನ್ನ ತಪ್ಪು."

"ನಿಜ ಹೇಳಿದ್ದೀರಿ," ಎಂದರು ಸರ್ವೇಯರ್, ತುಸು ಮೆತ್ತಗೆ. "ಆದ್ರೆ ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ."

ಅವರು ಹೋದರು. ಪಾಲಿಸಿ ಹಣೆ ಚಚ್ಚಿಕೊಂಡು ಅವರ ಹಿಂದೆಯೇ ಹೋದ. ಮೆಟ್ಟಿಲ ಬಳಿ ಯಾರೂ ಇರಲಿಲ್ಲ.

ಅವಳು ಕಂಬಿ ಹಿಡಿದು, ಪ್ರತಿ ಮೆಟ್ಟಿಲಿಗೂ ಮಂಡಿಯನ್ನು ಸಂತೈಸುತ್ತಾ ಮೇಲೆ ಹತ್ತಿದಳು. ಅವನು ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

"ಈ ಕಾಲಿಟ್ಟುಕೊಂಡು ಯಾಕೆ ಬಂದ್ರಿ?" ಎಂದ, ತಿರುಗದೆಯೇ. "ಸ್ವಂತ ಅಂಗಡಿ ಹಾಕೋಣ ಅಂತ ಒಂದಿಷ್ಟು ಕೂಡಿಟ್ಟಿದ್ದೀನಿ. ಅದರಲ್ಲಿ ಬಟ್ಟೆ ತರಿಸಿ."

"ಬಾಡಿಗೆಯವರ ದುಡ್ಡಲ್ಲಿ ನಾನು ಬಟ್ಟೆ ತರಿಸಲ್ಲ."

"ಅವರ ಮುಂದೆ ಹೇಳಿದ್ದು ಸಾಲದಾ? ಇನ್ನೊಂದು ಸಲ ಹೇಳಬೇಕಾ?" ಅವನು ಇನ್ನೊಂದು ಅಂಗಿಯನ್ನು ಕೈಗೆತ್ತಿಕೊಂಡ. "ಸುಳ್ಳಿಗಾದ್ರೂ ಸರಿ, ಒಂದು ಸಲ ನಿಮ್ಮವನು ಅನ್ನಿಸ್ಕೋಬೇಕು ಅಂತ ಆಸೆ ಇತ್ತು ನನಗೆ."

ಅವಳು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು.

"ಅದಕ್ಕೇ ಹೇಳಲಿಲ್ಲ. ನಿಮ್ಮನ್ನ ನಮ್ಮವರು ಅಂತ ನಾನು ಜನ್ಮದಲ್ಲಿ ಮೊದಲನೇ ಸಲ ಹೇಳೋದು ಒದ್ದೆ ಬಟ್ಟೆಯ ಬೆಲೆಗಾಗಿ ಆಗಬಾರದಿತ್ತು. ಇವತ್ತು ಹಾಗಂದು ದುಡ್ಡು ತಗೊಂಡಿದ್ರೆ, ನಾಳೆ ನಿಜವಾಗಿ ಹೇಳಿದಾಗ ನೀವು ನಂಬ್ತಿದ್ರಾ? ನಂಬಿದ್ರೂ, ನನಗೆ ನಂಬಿಕೆ ಬರ್ತಿರಲಿಲ್ಲ."

ಅವನು ಮೆಲ್ಲಗೆ ತಿರುಗಿದ. ಕೈಯಲ್ಲಿದ್ದ ಅಂಗಿ ಕೈಯಲ್ಲೇ ಉಳಿಯಿತು.

"ನಾಳೆ ಹೇಳ್ತೀರಾ?"

"ನಾಳೆ ಯಾಕೆ?" ಅವಳ ಕಣ್ಣು ತುಂಬಿ ಬಂದಿತ್ತು, ಆದರೂ ನೋಟ ತಗ್ಗಲಿಲ್ಲ. "ಈಗ ಕೇಳೋರು ಯಾರೂ ಇಲ್ಲ. ಹೇಳೋದರಿಂದ ಬರೋದೂ ಏನಿಲ್ಲ. ಹೇಳೋಕೆ ಇದೇ ಒಳ್ಳೆ ಹೊತ್ತು. ನೀವು ನಮ್ಮವರು."

ಅವನು ಅಂಗಿಯನ್ನು ಕೆಳಗಿಟ್ಟು, ಅವಳ ಕೈಯನ್ನು ಎರಡೂ ಅಂಗೈಗಳ ನಡುವೆ ತೆಗೆದುಕೊಂಡ. ಗಾಜು ಉಜ್ಜಿ ಒರಟಾದ ಕೈಗಳವು. ಹಿಡಿತ ಮಾತ್ರ ಬಲು ಹಗುರ.

"ಆದ್ರೆ ಅತ್ತೆ..." ಎಂದಳು ಅವಳು. "ಅವರ ಮಗನ ಮನೆ ಇದು. ಅವರ ಮನಸ್ಸು ನೋಯಿಸಿ ನನಗೆ ಯಾವ ಸುಖವೂ ಬೇಡ."

ಇಬ್ಬರೂ ಕೆಳಗಿಳಿದಾಗ ಅತ್ತೆ ಒದ್ದೆ ಮಖಮಲ್ಲಿನ ಒಂದು ಮೂಲೆಯನ್ನು ಮಡಿಲಲ್ಲಿಟ್ಟುಕೊಂಡು ಹಿಂಡುತ್ತಿದ್ದರು. ಮೇಲಿನ ಮಾತು ಕೆಳಗೆ ಕೇಳದಂಥ ಮನೆಯಲ್ಲ ಅದು. ಸೊಸೆ ಮುಂದೆ ಕುಳಿತು ತಲೆ ತಗ್ಗಿಸಿದಳು.

"ಬಂಧು ಅಂತ ಸುಳ್ಳು ಹೇಳು ಅಂದೆ, ಕೇಳಲಿಲ್ಲ," ಎಂದರು ಅತ್ತೆ. "ಈಗ ಅದನ್ನೇ ನಿಜ ಮಾಡ್ಕೋ ಅಂತೀನಿ. ಇದನ್ನಾದ್ರೂ ಕೇಳ್ತೀಯಾ?"

"ಅತ್ತೇ..."

"ನನ್ನ ಮಗ ಹೋದ ದಿನದಿಂದ ನಿನ್ನನ್ನ ಸೊಸೆ ಅಂತ ಒಂದು ದಿನಾನೂ ಅಂದುಕೊಂಡಿಲ್ಲ ನಾನು. ಮಗಳಿಗೆ ಒಂದು ದಾರಿ ಮಾಡೋ ಅಧಿಕಾರ ತಾಯಿಗೆ ಇಲ್ವಾ?" ಅತ್ತೆ ಸೆರಗಿನ ತುದಿಯಿಂದ ಕಣ್ಣೊರಸಿಕೊಂಡರು. ಬಳಿಕ ಅವನತ್ತ ತಿರುಗಿದರು. "ನೀನೇನಪ್ಪಾ ನೋಡ್ತಾ ನಿಂತೆ? ನಾಳೆ ಹೋಗಿ ಹೊಸ ಬಟ್ಟೆ ತಗೊಂಡು ಬಾ. ಈಗ ಇದರ ಆ ತುದಿ ಹಿಡ್ಕೋ. ಇದ್ರಲ್ಲಿ ಉಳಿದದ್ದು ಸಣ್ಣ ಪರದೆಗಾದ್ರೂ ಆಗುತ್ತೆ."

ಅವನು ಆ ತುದಿಯನ್ನು ಎತ್ತಿಕೊಂಡ. ಅವಳು ಈ ತುದಿಯನ್ನು ಹಿಡಿಯಹೋಗಿ, ಮುಖವನ್ನು ಆ ಬಟ್ಟೆಯಲ್ಲೇ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಹೋದಂದಿನಿಂದ ತಡೆದಿಟ್ಟ ಅಳು ಅದು.

ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟರು.

"ಸಾಕು ಕಣೇ, ಏಳು. ನಾವು ಹಿಂಡ್ತಾ ಇದ್ದೀವಿ, ನೀನು ನೆನೆಸ್ತಾ ಇದ್ದೀಯಲ್ಲ."